ಬಿಡದ ನೋವಿಗೆ ನಗೆಯ ನೆರವು, ನಾಯಿ-ಬೆಕ್ಕುಗಳ ಜೊತೆ

ಕಾಲಿಗೆ ಮುಳ್ಳು ಚುಚ್ಚಿದೊಡನೆ ನೋವಾಗುತ್ತದೆ. ಯೋಚಿಸುವ ಮೊದಲೇ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಮುಳ್ಳು ಕಿತ್ತು, ಗಾಯ ಮಾಯ್ದ ಮೇಲೆ ನೋವೂ ಮಾಯವಾಗುತ್ತದೆ. ಇಂಥ ನೋವು ದೇಹದ ಕಾವಲುಗಾರ. ಆದರೆ ಕಳ್ಳ ಹೋದ ಮೇಲೂ ಕಾವಲುಗಾರ ಕೂಗುತ್ತಲೇ ಇದ್ದರೆ?

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ಸಂಧಿವಾತ, ಸೊಂಟನೋವು, ಮೈಗ್ರೇನ್, ಸಕ್ಕರೆ ಕಾಯಿಲೆಯಿಂದ ನರಗಳಿಗೆ ಆಗುವ ಹಾನಿ ಮುಂತಾದವು ಇದಕ್ಕೆ ಕಾರಣವಾಗಬಹುದು. ಕೆಲವರಲ್ಲಿ ಸ್ಪಷ್ಟ ಕಾರಣವೇ ಸಿಗುವುದಿಲ್ಲ. ಅಂಥವರಿಗೆ ನೋವಿನ ಜೊತೆಗೆ ಇನ್ನೊಂದು ಕಷ್ಟವೂ ಉಂಟು. ‘ಎಕ್ಸ್-ರೇಯಲ್ಲಿ ಏನೂ ಇಲ್ಲ, ಎಲ್ಲಾ ನಿನ್ನ ಭ್ರಮೆ’ ಎಂಬ ಮಾತನ್ನು ಅವರು ಕೇಳಬೇಕಾಗುತ್ತದೆ. ಈ ಮಾತು ತಪ್ಪು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ದೀರ್ಘಕಾಲಿಕ ನೋವಿಗೆ ಪ್ರತ್ಯೇಕ ಸ್ಥಾನವಿದೆ. ಕೆಲವೊಮ್ಮೆ ನೋವೇ ಒಂದು ರೋಗ ಎಂಬುದನ್ನು ಅದು ಒಪ್ಪಿಕೊಂಡಿದೆ.

ನೋವಿಗೊಂದು ಬಾಗಿಲು

ಮೊಣಕೈ ಗೋಡೆಗೆ ತಗುಲಿದಾಗ ಅದನ್ನು ಉಜ್ಜಿಕೊಳ್ಳುತ್ತೇವೆ. ನೋವು ಸ್ವಲ್ಪ ಕಡಿಮೆಯಾಗುತ್ತದೆ. ಏಕೆ? ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಇದಕ್ಕೆ ವಿವರಣೆಯೊಂದನ್ನು ಮುಂದಿಟ್ಟರು. ನೋವಿನ ಸಂಕೇತಗಳು ಮಿದುಳಿಗೆ ನೇರವಾಗಿ ಹೋಗುವುದಿಲ್ಲ. ಮಿದುಳುಬಳ್ಳಿಯಲ್ಲಿ ಅವಕ್ಕೆ ಒಂದು ‘ಬಾಗಿಲು’ ಇದೆ. ಸ್ಪರ್ಶದ ಸಂಕೇತಗಳು ಆ ಬಾಗಿಲನ್ನು ಸ್ವಲ್ಪ ಮುಚ್ಚುತ್ತವೆ. ಮಿದುಳಿನಿಂದ ಕೆಳಗಿಳಿದು ಬರುವ ಸಂಕೇತಗಳೂ ಅದನ್ನು ತೆರೆಯಬಲ್ಲವು ಅಥವಾ ಮುಚ್ಚಬಲ್ಲವು. ಈ ಸಿದ್ಧಾಂತದ ವಿವರಗಳು ನಂತರ ಎಷ್ಟೋ ತಿದ್ದುಪಡಿಯಾಗಿವೆ. ಮೂಲ ವಿಚಾರ ಮಾತ್ರ ಉಳಿದುಕೊಂಡಿದೆ.

ಬಾಗಿಲು ಮುಚ್ಚುವ ರಾಸಾಯನಿಕಗಳು ಯಾವುವು? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಜ್, ಹಂದಿಯ ಮಿದುಳಿನಿಂದ ಮಾರ್ಫೀನಿನಂತೆ ವರ್ತಿಸುವ ಎನ್‌ಕೆಫಾಲಿನ್ ಎಂಬ ವಸ್ತುಗಳನ್ನು ಬೇರ್ಪಡಿಸಿದರು. ಎಂಡಾರ್ಫಿನ್‌ಗಳೂ ಇದೇ ಬಳಗಕ್ಕೆ ಸೇರಿದವು. ಅಂದರೆ ನೋವು ತಗ್ಗಿಸುವ ಮದ್ದನ್ನು ನಮ್ಮ ದೇಹವೇ ತಯಾರಿಸುತ್ತದೆ.

ದೀರ್ಘಕಾಲಿಕ ನೋವಿನಲ್ಲಿ ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ನೋವಿನ ಸಂಕೇತಗಳು ಸತತವಾಗಿ ಬರುತ್ತಿದ್ದರೆ ಮಿದುಳುಬಳ್ಳಿಯ ನರಕೋಶಗಳು ಅತಿ ಸೂಕ್ಷ್ಮವಾಗಬಹುದೆಂದು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದರು. ಆಗ ಹಗುರ ಸ್ಪರ್ಶವೂ ನೋವಾಗಿ ತೋರಬಹುದು. ಭಯ, ನಿದ್ರೆಗೇಡು, ಒಂಟಿತನ ಇವೆಲ್ಲ ನೋವನ್ನು ಹೆಚ್ಚಿಸುತ್ತವೆ. ಹಾಗಿದ್ದರೆ ಸಂತೋಷ, ಸ್ಪರ್ಶ, ಒಡನಾಟಗಳು ಅದನ್ನು ತಗ್ಗಿಸಬಹುದಲ್ಲವೆ?

ನಗೆಯ ಪರೀಕ್ಷೆ

ಈ ಪ್ರಶ್ನೆಗೆ ಪ್ರಚಾರ ದೊರಕಿಸಿದವರು ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್. 1964ರಲ್ಲಿ ಅವರು ಬೆನ್ನುಮೂಳೆಯ ಕೀಲುಗಳನ್ನು ಬಾಧಿಸುವ ತೀವ್ರ ರೋಗಕ್ಕೆ ತುತ್ತಾದರು. ಹಾಸ್ಯಚಿತ್ರಗಳನ್ನು ನೋಡಿ ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ರಿಸಬಹುದಾಗಿತ್ತು ಎಂದು 1976ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಆದರೆ ಇದು ಒಬ್ಬನೇ ರೋಗಿಯ ಅನುಭವ. ಅವರು ಅದೇ ವೇಳೆ ಸಿ ಜೀವಸತ್ವವನ್ನೂ ಭಾರೀ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರು. ರೋಗ ತಾನಾಗಿಯೇ ಇಳಿದಿರಲೂಬಹುದು. ಆದ್ದರಿಂದ ಇದನ್ನು ಪುರಾವೆ ಎನ್ನಲಾಗದು; ಪ್ರಯೋಗಕ್ಕೆ ಪ್ರೇರಣೆ ಎನ್ನಬಹುದು.

ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ಅಂಥ ಪ್ರಯೋಗಗಳನ್ನು ನಡೆಸಿ 2012ರಲ್ಲಿ ಪ್ರಕಟಿಸಿದರು. ಮುಂದೋಳಿಗೆ ಹೆಪ್ಪುಗಟ್ಟಿಸಿದ ತಣ್ಣನೆಯ ಪಟ್ಟಿ ಸುತ್ತಿ, ಅಥವಾ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಬಿಗಿದು, ಎಷ್ಟು ನೋವನ್ನು ತಡೆದುಕೊಳ್ಳಬಲ್ಲರೆಂದು ಅಳೆದರು. ಹಾಸ್ಯದ ವಿಡಿಯೋ ನೋಡಿ ನಕ್ಕವರ ಸಹನೆ ಹೆಚ್ಚಿತು. ನಗೆ ಬಾರದ ಸಾಕ್ಷ್ಯಚಿತ್ರ ನೋಡಿದವರಲ್ಲಿ ಹೀಗಾಗಲಿಲ್ಲ. ಫಿನ್ಲೆಂಡಿನ ಟುರ್ಕು ನಗರದ ವಿಜ್ಞಾನಿಗಳು 2017ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೆಳೆಯರೊಡನೆ ಹಾಸ್ಯ ನೋಡಿ ನಕ್ಕ 12 ಆರೋಗ್ಯವಂತ ಪುರುಷರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ಪರೀಕ್ಷಿಸಿದರು. ಥಲಾಮಸ್ ಮೊದಲಾದ ಭಾಗಗಳಲ್ಲಿ ದೇಹದ ಸ್ವಂತ ನೋವುಶಾಮಕಗಳು ಬಿಡುಗಡೆಯಾಗಿದ್ದುದು ಕಂಡುಬಂದಿತು.

ಇಲ್ಲೊಂದು ಎಚ್ಚರ ಬೇಕು. ಆರೋಗ್ಯವಂತರ ಕೈಗೆ ತಟ್ಟಿದ ಕ್ಷಣಿಕ ನೋವು ಬೇರೆ, ವರ್ಷಗಟ್ಟಲೆ ಕಾಡುವ ನೋವು ಬೇರೆ. ಈ ಪ್ರಯೋಗಗಳು ದಾರಿ ತೋರಿಸುತ್ತವೆ, ಗುಣವಾಗುವ ಭರವಸೆ ಕೊಡುವುದಿಲ್ಲ.

ಎಲ್ಲ ಹಾಸ್ಯವೂ ಒಂದೇ ಅಲ್ಲ. ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಇತರರನ್ನು ಬೆಸೆಯುವುದು, ಕಷ್ಟದಲ್ಲೂ ತನಗೆ ತಾನೇ ಧೈರ್ಯ ತಂದುಕೊಳ್ಳುವುದು, ಇತರರನ್ನು ಚುಚ್ಚುವುದು, ತನ್ನನ್ನೇ ಹೀನಾಯ ಮಾಡಿಕೊಳ್ಳುವುದು. ಮೊದಲೆರಡು ಮನಸ್ಸಿನ ಸ್ವಾಸ್ಥ್ಯಕ್ಕೆ ಹೊಂದುತ್ತವೆ. ಕೊನೆಯದು ಖಿನ್ನತೆಯೊಡನೆ ಕಾಣಿಸಿಕೊಳ್ಳುತ್ತದೆ. ನೋವುಂಡವರು ತಮ್ಮ ನೋವನ್ನು ಕುರಿತು ತಾವೇ ನಗುವುದಕ್ಕೂ, ನಾವು ಅವರನ್ನು ನೋಡಿ ನಗುವುದಕ್ಕೂ ಅಜಗಜಾಂತರ.

ನಾಲ್ಕು ಕಾಲಿನ ಸಂಗಾತಿ

ದೀರ್ಘಕಾಲದ ರೋಗಿಗಳಿಗೆ ಪುಟ್ಟ ಸಾಕುಪ್ರಾಣಿಯೊಂದು ಒಳ್ಳೆಯ ಜೊತೆ ಎಂದು ಫ್ಲಾರೆನ್ಸ್ ನೈಟಿಂಗೇಲ್ 19ನೆಯ ಶತಮಾನದಲ್ಲಿಯೇ ಬರೆದಿದ್ದರು. ಇದನ್ನು ಪರೀಕ್ಷಿಸಿ ನೋಡಿದ ಅಧ್ಯಯನವೊಂದು ಅಮೆರಿಕದಿಂದ 2012ರಲ್ಲಿ ಪ್ರಕಟವಾಯಿತು. ನೋವಿನ ಚಿಕಿತ್ಸಾಲಯವೊಂದರಲ್ಲಿ ವೈದ್ಯರಿಗಾಗಿ ಕಾಯುತ್ತಿದ್ದ ಕೆಲವರು ತರಬೇತಾದ ನಾಯಿಯೊಡನೆ ಸ್ವಲ್ಪ ಹೊತ್ತು ಕಳೆದರು. ಉಳಿದವರು ಸುಮ್ಮನೆ ಕಾದರು. ಗಮನಾರ್ಹವಾಗಿ ನೋವು ತಗ್ಗಿತೆಂದವರು ಮೊದಲ ಗುಂಪಿನಲ್ಲಿ ಶೇಕಡ 23. ಎರಡನೆಯದರಲ್ಲಿ ಶೇಕಡ 4. ಆದರೆ ಔಷಧ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಡುವಂತೆ ಇಲ್ಲಿ ‘ಸುಳ್ಳು ನಾಯಿ’ಯನ್ನು ಕೊಡಲಾಗದು! ಪರಿಹಾರವನ್ನು ಅಳೆದದ್ದೂ ಭೇಟಿಯ ಬೆನ್ನಲ್ಲೇ.

ನಾಯಿ ಹೇಗೆ ನೆರವಾಗುತ್ತದೆ? ಗಮನ ನೋವಿನಿಂದ ಬೇರೆಡೆಗೆ ಹೊರಳುತ್ತದೆ. ನಾಯಿ ಮತ್ತು ಒಡೆಯ ಪರಸ್ಪರ ದಿಟ್ಟಿಸಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಇನ್ನೊಂದು ಲಾಭ ಸರಳವಾದದ್ದು. ನೋವಿಗೆ ಹೆದರಿ ಅಲುಗಾಡದೆ ಕುಳಿತರೆ ಸ್ನಾಯುಗಳು ಬಲಗುಂದುತ್ತವೆ, ನೋವು ಮತ್ತಷ್ಟು ಹೆಚ್ಚುತ್ತದೆ. ಬೆಳಿಗ್ಗೆ ಬಾಗಿಲ ಬಳಿ ಬಾಲವಾಡಿಸುತ್ತಾ ನಿಂತ ನಾಯಿ ಈ ವಿಷವರ್ತುಲವನ್ನು ಮುರಿಯುತ್ತದೆ. ಅದಕ್ಕಾಗಿಯಾದರೂ ಎದ್ದು ನಡೆಯಬೇಕು.

ಆದರೆ ಪ್ರಾಣಿ ಔಷಧದ ಶೀಷೆಯಲ್ಲ. ಅದಕ್ಕೆ ಆಹಾರ, ಆರೈಕೆ, ರೇಬೀಸ್ ಲಸಿಕೆ ಬೇಕು. ನೋವಿನಿಂದ ಬಳಲುವವರಿಗೆ ಈ ಹೊಣೆ ಭಾರವಾಗಲೂಬಹುದು. ಅಂಥವರಿಗೆ ನೆರೆಮನೆಯ ಬೆಕ್ಕು, ಹಟ್ಟಿಯ ಕರು ಸಾಕು. ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ ಎಂಬುದೂ ನೆನಪಿರಲಿ.

ನಗೆಯಾಗಲಿ ಸಾಕುಪ್ರಾಣಿಯಾಗಲಿ ಚಿಕಿತ್ಸೆಗೆ ಬದಲಿಯಲ್ಲ, ಪೂರಕ ಮಾತ್ರ. ನೋವಿನ ಜೊತೆ ಜ್ವರ, ಕಾರಣವಿಲ್ಲದ ತೂಕ ಇಳಿಕೆ, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮೂತ್ರದ ಮೇಲೆ ಹತೋಟಿ ತಪ್ಪುವಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಕೀಲುಗಳ ಉರಿಯೂತ, ಮೈಗ್ರೇನ್‌ಗಳು ಮಕ್ಕಳನ್ನೂ ಬಿಡುವುದಿಲ್ಲ. ತರಗತಿಯಲ್ಲಿ ಒಬ್ಬ ಹುಡುಗಿ ಬೆಳಿಗ್ಗೆ ಕುಂಟುತ್ತಾ ಬಂದು, ಮಧ್ಯಾಹ್ನ ಗೆಳತಿಯರೊಡನೆ ನಗುತ್ತಿದ್ದರೆ ‘ಇವಳದು ನಟನೆ’ ಎಂದು ತೀರ್ಮಾನಿಸಬೇಡಿ. ಕೀಲುಗಳ ಉರಿಯೂತದಲ್ಲಿ ಬೆಳಗಿನ ಪೆಡಸುತನ ಹೊತ್ತೇರಿದಂತೆ ಸಡಿಲಗೊಳ್ಳುವುದು ಸಾಮಾನ್ಯ. ನೋವಿದ್ದೂ ನಗಲು ಸಾಧ್ಯ. ಆ ನಗೆಯೇ ಅವಳ ನೋವನ್ನು ಅಷ್ಟಿಷ್ಟು ಹಗುರ ಮಾಡುತ್ತಿರಬಹುದು. ಶಿಕ್ಷಕರು ಅವಳ ಮಾತನ್ನು ನಂಬುವುದರಿಂದಲೇ ನೆರವು ಆರಂಭವಾಗುತ್ತದೆ.