ಹದಿನೈದು ಜನರ ಪ್ರಾರ್ಥನೆ

1831ರ ಬೇಸಗೆಯಲ್ಲಿ ಪ್ರಷ್ಯ ರಾಜ್ಯದ ಗಡಿನಾಡಾದ ಪೋಸೆನ್ ಪಟ್ಟಣದಿಂದ ಒಬ್ಬ ವೃದ್ಧ ಯೆಹೂದ್ಯ ಗುರು, ಪ್ಲೆಷೆನ್ ಎಂಬ ಹತ್ತಿರದ ಊರಿನಲ್ಲಿದ್ದ ಮತ್ತೊಬ್ಬ ಗುರುವಿಗೆ ಒಂದು ಕಾಗದವನ್ನು ಬರೆದನು. ವಾಂತಿಭೇದಿಯ ಬೇನೆ ಊರೂರಿಗೆ ಹಬ್ಬುತ್ತಿದ್ದ ಕಾಲ. ಪ್ರಾರ್ಥನಾಮಂದಿರದಲ್ಲಿ ಜನರು ಕೂಡಬಹುದೆ, ಕೂಡಿದರೆ ಎಷ್ಟು ಮಂದಿ, ಅವರು ಮನೆಯಲ್ಲಿ ಏನು ತಿನ್ನಬೇಕು, ಏನು ಬಿಡಬೇಕು ಎಂಬುದೇ ಆ ಕಾಗದದ ವಿಷಯ. ಸುಮಾರು ನೂರ ತೊಂಬತ್ತು ವರ್ಷ ಕಳೆದು 2020ರಲ್ಲಿ ಕೊರೋನಾ ಜಾಡ್ಯದಿಂದ ಜಗತ್ತಿನ ದೇವಾಲಯ, ಮಸೀದಿ, ಇಗರ್ಜಿಗಳಿಗೆಲ್ಲ ಬೀಗ ಬಿದ್ದಾಗ, ಯೆಹೂದ್ಯ ಪಂಡಿತರು ಈ ಕಾಗದವನ್ನೇ ಮತ್ತೆ ಹುಡುಕಿ ತೆಗೆದು ಓದಿದರು. ಅದರ ಹಿನ್ನೆಲೆಯನ್ನು ನಮ್ಮ ಉಪಾಧ್ಯಾಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಯೆಹೂದ್ಯರ 'ಸಭೆ' ಎಂದರೇನೆಂಬುದನ್ನು ತಿಳಿಯುವುದು ಅಗತ್ಯ. ನಮ್ಮಲ್ಲಿ ಗುಡಿಗೆ ಹೋಗುವವನು ಒಬ್ಬನೇ ಹೋಗಿ ಕೈಮುಗಿದು ಬಂದರೂ ಪೂಜೆಗೆ ಲೋಪವಿಲ್ಲ. ಯೆಹೂದ್ಯ ಸಂಪ್ರದಾಯದಲ್ಲಾದರೋ ಕೆಲವು ಮುಖ್ಯ ಪ್ರಾರ್ಥನೆಗಳಿಗೆ ಪ್ರಾಪ್ತವಯಸ್ಕರಾದ ಹತ್ತು ಜನ ಗಂಡಸರು ಒಂದೆಡೆ ಸೇರಲೇಬೇಕು. ಸತ್ತವರಿಗಾಗಿ ಮಕ್ಕಳು ಹೇಳುವ ಸ್ತೋತ್ರವೂ ಇಂಥ ಪ್ರಾರ್ಥನೆಗಳಲ್ಲಿ ಒಂದು. ಹತ್ತಕ್ಕೆ ಒಬ್ಬನು ಕಡಿಮೆಯಾದರೂ ಅದನ್ನು ಹೇಳುವಂತಿಲ್ಲ. ಈ ಸಭೆ ಬರಿಯ ಪ್ರಾರ್ಥನೆಯ ಕೂಟವೂ ಅಲ್ಲ. ರೋಗಿಗಳನ್ನು ನೋಡಿಕೊಳ್ಳುವುದಕ್ಕೆ ಒಂದು ಸಂಘ, ಬಡವರ ನಿಧಿಗೆ ಒಂದು, ಹೆಣವನ್ನು ತೊಳೆದು ಬಟ್ಟೆಯುಡಿಸಿ ಮಣ್ಣುಮಾಡುವುದಕ್ಕೆ ಇನ್ನೊಂದು, ಹೀಗೆ ಹಲವು ಸಂಘಗಳು ಅದರೊಳಗೆ ಬೆಳೆದು ಬಂದಿವೆ. ಪ್ರಾಗ್ ನಗರದ ಶವಸಂಸ್ಕಾರ ಸಂಘ 1564ರಷ್ಟು ಹಿಂದಿನದು. ಈ ಸಂಘದಲ್ಲಿ ಸೇವೆ ಮಾಡುವುದು ಕೀಳಲ್ಲ. ಸತ್ತವನಿಂದ ಪ್ರತಿಫಲ ಬರುವಂತಿಲ್ಲವಾದ್ದರಿಂದ ಅದೇ ನಿಜವಾದ ಉಪಕಾರವೆಂದು ಅವರ ಎಣಿಕೆ.

ಅಂಟುಜಾಡ್ಯ ಬಂದಾಗ ಇವೇ ಎರಡು ಸಂಗತಿಗಳು ಒಂದಕ್ಕೊಂದು ಎದುರಾಗುತ್ತವೆ. ಜನ ಕೂಡಿದರೆ ಅಪಾಯ, ಕೂಡದಿದ್ದರೆ ಧರ್ಮಕ್ಕೆ ಲೋಪ. ರೋಗಿಯ ಬಳಿ ಹೋದರೆ ಅಪಾಯ, ಹೋಗದಿದ್ದರೆ ಸಂಘವಿದ್ದೂ ಇಲ್ಲದಂತೆ.

ಪೋಸೆನ್ ಇಂದಿನ ಪೋಲೆಂಡಿನ ಪೊಜ್ನಾನ್. ಆಗ ಅದು ಪ್ರಷ್ಯದ ಕೈಯಲ್ಲಿತ್ತು. ಸರಕಾರದ ಮಾತು ಜರ್ಮನ್, ಸುತ್ತಣ ಹಳ್ಳಿಗರ ಮಾತು ಪೋಲಿಷ್, ಯೆಹೂದ್ಯರ ಮನೆಮಾತು ಯಿಡ್ಡಿಷ್, ಗ್ರಂಥದ ಮಾತು ಹೀಬ್ರೂ. ಗಡಿಯಲ್ಲಿ ಬಾಳುವ ನಮಗೆ ಇಂಥ ಊರನ್ನು ಹೆಚ್ಚು ವರ್ಣಿಸಬೇಕಾಗಿಲ್ಲ. ಗಂಗೆಯ ಮುಖಜ ಭೂಮಿಯಿಂದ ಹೊರಟ ವಾಂತಿಭೇದಿ ರಷ್ಯವನ್ನು ಸೇರಿತ್ತು. 1830ರ ಕೊನೆಯಲ್ಲಿ ಪೋಲಿಷರು ರಷ್ಯದ ಮೇಲೆ ದಂಗೆಯೆದ್ದಾಗ, ಅವರನ್ನು ಅಡಗಿಸಲು ಬಂದ ದಂಡಿನೊಡನೆ ರೋಗವೂ ಪಡುವಣಕ್ಕೆ ನಡೆಯಿತು. ಪ್ರಷ್ಯ ಗಡಿಯುದ್ದಕ್ಕೂ ಸೈನಿಕರ ಕಾವಲಿಟ್ಟಿತು. ರೋಗ ಕಾವಲನ್ನು ದಾಟಿತು. ಗಡಿಸೇನೆಯ ಮುಖ್ಯಸ್ಥನಾಗಿದ್ದ ಪ್ರಸಿದ್ಧ ಸೇನಾನಿ ಗ್ನೈಸೆನೌ ಅದೇ ಆಗಸ್ಟಿನಲ್ಲಿ ಪೋಸೆನ್ನಿನಲ್ಲೇ ಈ ಬೇನೆಯಿಂದ ಮಡಿದನು. ಅವನ ಸಹಾಯಕನಾಗಿದ್ದ, ಯುದ್ಧಶಾಸ್ತ್ರವನ್ನು ಬರೆದ ಕ್ಲೌಸೆವಿಟ್ಸ್ ನವೆಂಬರಿನಲ್ಲಿ ಬ್ರೆಸ್ಲೌ ನಗರದಲ್ಲಿ ಸತ್ತನು.

ಆ ಊರಿನ ಯೆಹೂದ್ಯ ಗುರು ಅಕಿವ ಏಗರ್. ಹುಟ್ಟಿದ್ದು 1761ರಲ್ಲಿ, ಇಂದಿನ ಆಸ್ಟ್ರಿಯದ ಐಸೆನ್‌ಸ್ಟಾಟ್‌ನಲ್ಲಿ. ಪೋಸೆನ್ನಿಗೆ ಬಂದದ್ದು 1815ರಲ್ಲಿ. ಹೊಸ ಸುಧಾರಣೆಗಳನ್ನು ಒಪ್ಪದ ಕಟ್ಟಾ ಸಂಪ್ರದಾಯಸ್ಥ; ತಾಲ್ಮುಡ್ ಧರ್ಮಗ್ರಂಥದ ಮೇಲೆ ಅವನು ಬರೆದ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಇಂಥವನಿಂದ 'ದೇವರೇ ಕಾಯುತ್ತಾನೆ, ಎಲ್ಲರೂ ಮಂದಿರಕ್ಕೆ ಬನ್ನಿ' ಎಂಬ ಮಾತನ್ನು ನಿರೀಕ್ಷಿಸುವವರೇ ಹೆಚ್ಚು. ಅವನು ಹೇಳಿದ್ದು ಬೇರೆ.

ಇಕ್ಕಟ್ಟಾದ ಸ್ಥಳದಲ್ಲಿ ಗುಂಪುಗೂಡುವುದು ಸಲ್ಲದು. ಹಾಗೆಂದು ಪ್ರಾರ್ಥನೆ ನಿಲ್ಲಬೇಕಾಗಿಲ್ಲ. ಒಮ್ಮೆಗೆ ಹದಿನೈದು ಜನರಂತೆ ಒಳಗೆ ಹೋಗಿ, ಬೆಳಕು ಹರಿಯುತ್ತಲೇ ಆರಂಭಿಸಿ, ಮುಗಿಸಿ ಹೊರಗೆ ಬರಲಿ. ಆಮೇಲೆ ಮುಂದಿನ ತಂಡ ಹೋಗಲಿ. ಬೇಕಾದವರು ಹತ್ತು, ಐವರನ್ನು ಹೆಚ್ಚಾಗಿ ಇಟ್ಟದ್ದು, ಯಾರಾದರೂ ಬಾರದೆ ಹೋದರೆ ಸಭೆ ಕೆಡದಿರಲೆಂದು ಇರಬೇಕೆಂದು ನಮ್ಮ ಊಹೆ. ಸಂಖ್ಯೆ ಮೀರದಂತೆ ಬಾಗಿಲಲ್ಲಿ ಪೊಲೀಸರ ಕಾವಲನ್ನು ಕೇಳಿ ಪಡೆಯಬೇಕು. ಅವರು ಒಪ್ಪದಿದ್ದರೆ ಪೋಸೆನ್ನಿನ ಸರಕಾರಕ್ಕೆ ಬರೆದುಕೊಂಡು, ಈ ಸಲಹೆ ತನ್ನದೆಂದು ತನ್ನ ಹೆಸರನ್ನು ಹೇಳಬೇಕು. ತನ್ನ ಜನ ತನ್ನ ಮಾತನ್ನೇ ಕೇಳಲಾರರೆಂಬ ಅರಿವು ಆ ಮುದುಕನಿಗೆ ಚೆನ್ನಾಗಿತ್ತೆಂದು ಇದರಿಂದ ತೋರುತ್ತದೆ. ಪ್ರಾರ್ಥನೆಯಲ್ಲಿ ದೊರೆಯನ್ನೂ ದೊರೆಯ ಕುಟುಂಬವನ್ನೂ ನಾಡಿನ ನಿವಾಸಿಗಳೆಲ್ಲರನ್ನೂ ನೆನೆಯಬೇಕೆಂದೂ ಅವನು ಸೇರಿಸಿದನು.

ಉಳಿದ ಸಲಹೆಗಳು ಮನೆಯ ಅಜ್ಜಿ ಹೇಳುವಂಥವು. ಹೊಟ್ಟೆಗೆ ಥಂಡಿ ತಗಲದಂತೆ ಫ್ಲಾನಲ್ ಬಟ್ಟೆ ಸುತ್ತಿಕೊಳ್ಳಿ. ಸೌತೆಕಾಯಿ ಬೇಡ, ಹಣ್ಣು, ಮೀನು, ಬಿಯರುಗಳನ್ನು ಕಡಿಮೆ ಮಾಡಿ. ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣದೆ ಆಗಾಗ ಸ್ವಲ್ಪ ಸ್ವಲ್ಪ ತಿನ್ನಿ. ಮನೆಯಲ್ಲಿ ಕೊಳೆ ನಿಲ್ಲಬಾರದು. ವಾರದಲ್ಲಿ ಹಲವು ಸಲ ಬಟ್ಟೆ ಬದಲಿಸಿ. ಬರಿಯ ಹೊಟ್ಟೆಯಲ್ಲಿ ಬೆಳಗ್ಗೆ ಹೊರಬೀಳಬೇಡಿ. ಬಿಸಿಲಿರುವಾಗ ಬಯಲಿನಲ್ಲಿ ತಿರುಗಾಡಿ, ಕಿಟಕಿ ತೆರೆದಿಡಿ, ಚಿಂತೆಗೆ ಎಡೆಗೊಡಬೇಡಿ.

ಶರತ್ಕಾಲದ ಮಹಾಪರ್ವಗಳಲ್ಲಿ ಮಂದಿರ ಕಿಕ್ಕಿರಿಯುವುದು ವಾಡಿಕೆ. ಆ ವರ್ಷ ಆಸನಗಳನ್ನೆಲ್ಲ ತುಂಬದೆ ನಡುನಡುವೆ ತೆರವು ಬಿಡಬೇಕೆಂದೂ, ಪ್ರಾರ್ಥನೆಯನ್ನು ಮೊಟಕುಗೊಳಿಸಬೇಕೆಂದೂ ಕಟ್ಟಳೆಯಾಯಿತು. ಇವೆಲ್ಲಕ್ಕೂ ಆಧಾರವಾದ ನ್ಯಾಯ ಅವರ ಶಾಸ್ತ್ರದಲ್ಲೇ ಉಂಟು. ಜೀವಕ್ಕೆ ಬಂದ ಅಪಾಯದ ಮುಂದೆ, ಕೆಲವೇ ಮಹಾಪಾಪಗಳ ಹೊರತು, ಉಳಿದ ನಿಷೇಧಗಳೆಲ್ಲ ಹಿಂದೆ ಸರಿಯಬೇಕು. ಏಗರ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು, ವೈದ್ಯರ ಅಪ್ಪಣೆಯನ್ನು ಮೀರಿದವನು ದೇವರಿಗೇ ತಪ್ಪಿ ನಡೆದವನೆಂದನು. ವೈದ್ಯನ ಮಾತಿಗೆ ಧರ್ಮದ ಬಲ ಬಂದದ್ದು ಇಲ್ಲಿ. ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಅವನ ಸೇವೆಯನ್ನು ಮೆಚ್ಚಿ ಪತ್ರವನ್ನು ಕಳುಹಿಸಿದನು.

ಇದರಲ್ಲಿ ವಿಜ್ಞಾನ ಎಷ್ಟು ಎಂಬ ಪ್ರಶ್ನೆಯನ್ನು ತಪ್ಪಿಸುವಂತಿಲ್ಲ. ವಾಂತಿಭೇದಿ ನೀರಿನಿಂದ ಹಬ್ಬುವುದನ್ನು ಲಂಡನ್ನಿನ ಜಾನ್ ಸ್ನೋ ತೋರಿಸಿದ್ದು 1854ರಲ್ಲಿ. ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಅದರ ಕ್ರಿಮಿಯನ್ನು ಕಂಡದ್ದು 1884ರಲ್ಲಿ. ಏಗರ್ ಬರೆದಾಗ ಕೆಟ್ಟ ಗಾಳಿಯೇ ಕಾರಣವೆಂದು ದೊಡ್ಡ ವೈದ್ಯರೂ ನಂಬಿದ್ದರು. ಫ್ಲಾನಲ್ ಬಟ್ಟೆಯಿಂದ ಯಾರೂ ಬದುಕಿರಲಾರರು. ಶುಚಿತ್ವದಿಂದಲೂ, ಹಸಿಯ ಸೌತೆಕಾಯಿಯನ್ನು ಬಿಟ್ಟಿದ್ದರಿಂದಲೂ ಕೆಲವರು ಬದುಕಿರಬಹುದು. ಅಂದು ದೊರೆತ ತಿಳಿವಳಿಕೆಯನ್ನು ತಡಮಾಡದೆ ಜನರ ಮನೆಬಾಗಿಲಿಗೆ ಮುಟ್ಟಿಸಿದನೆಂಬುದಕ್ಕಾಗಿ ನಾವು ಅವನನ್ನು ಮೆಚ್ಚುತ್ತೇವೆ.

1848ರಲ್ಲಿ ವಿಲ್ನ ಪಟ್ಟಣಕ್ಕೆ ಇದೇ ಬೇನೆ ಬಂದಾಗ ಇಸ್ರಾಯೆಲ್ ಸಲಾಂಟರ್ ಎಂಬ ಗುರು ತನ್ನ ಶಿಷ್ಯರನ್ನೇ ರೋಗಿಗಳ ಶುಶ್ರೂಷೆಗೆ ನಿಲ್ಲಿಸಿದನು. ವರ್ಷದ ಅತಿ ಪವಿತ್ರವಾದ ಉಪವಾಸದ ದಿನ, ದೇಹಕ್ಕೆ ಅಗತ್ಯವಿದ್ದವರು ಉಣ್ಣಬಹುದೆಂದು ಸಾರಿದನು. ಅವನೇ ಸಭೆಯ ಎದುರು ನಿಂತು ತಿಂದು ತೋರಿಸಿದನೆಂದು ಒಂದು ಐತಿಹ್ಯ. ಹಾಗಾಗಲಿಲ್ಲವೆಂದು ವಾದಿಸುವವರೂ ಉಂಟು. ಡೇವಿಡ್ ಫ್ರಿಷ್ಮನ್ ಎಂಬ ಲೇಖಕ ಇದನ್ನೇ ಹೀಬ್ರೂ ಭಾಷೆಯಲ್ಲಿ ಕಥೆಯಾಗಿ ಬರೆದ ಮೇಲೆ ಐತಿಹ್ಯಕ್ಕೆ ಕಾಲು ಬಂತು.

ಈ ಎಚ್ಚರದ ಹಿಂದೆ ಒಂದು ಹಳೆಯ ಭಯವೂ ಇದ್ದಿರಬೇಕು. 1348-49ರ ಮಹಾಮಾರಿಯ ಕಾಲದಲ್ಲಿ ಯೂರೋಪಿನ ಜನ, ಯೆಹೂದ್ಯರು ಬಾವಿಗೆ ವಿಷವಿಕ್ಕಿದರೆಂದು ನಂಬಿ ಊರೂರುಗಳಲ್ಲಿ ಅವರನ್ನು ಕೊಂದರು. ಸ್ಟ್ರಾಸ್‌ಬುರ್ಗಿನಲ್ಲಿ 1349ರ ಫೆಬ್ರವರಿ 14ರಂದು ಅವರನ್ನು ಗುಂಪಾಗಿ ಸುಟ್ಟರು. ಆಗ ಆ ಊರಿಗೆ ರೋಗ ಇನ್ನೂ ಕಾಲಿಟ್ಟೇ ಇರಲಿಲ್ಲ! ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಆರನೆಯ ಕ್ಲೆಮೆಂಟ್ ಪೋಪ್ ಆಜ್ಞಾಪತ್ರ ಹೊರಡಿಸಿದರೂ ಕೇಳಿದವರು ಕಡಿಮೆ. ಅಲ್ಪಸಂಖ್ಯರ ಬೀದಿಯಲ್ಲಿ ರೋಗ ಕಂಡರೆ ಅದು ರೋಗವಾಗಿ ಮಾತ್ರ ಉಳಿಯುವುದಿಲ್ಲ, ಆರೋಪವಾಗುತ್ತದೆ.

ಕನ್ನಡನಾಡಿಗೂ ಒಂದು ಎಳೆ ಬಂದಿದೆ. ಒಡೆಸ್ಸದಲ್ಲಿ ಹುಟ್ಟಿದ ಯೆಹೂದ್ಯ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಡಿದಾಗ ಅಲ್ಲಿ ಸಾವಿರಾರು ಜನ ಹಾಕಿಸಿಕೊಂಡದ್ದು ಅದೇ ಲಸಿಕೆ. ಅವನು ಯಾವ ಸಭೆಯ ಪರವಾಗಿಯೂ ಬಂದವನಲ್ಲ. ಆದರೆ ಮುಂದೆ ಕಟ್ಟಾ ಸಂಪ್ರದಾಯವನ್ನು ಸಮರ್ಥಿಸಿ ಬರೆದನು, ಆಸ್ತಿಯನ್ನು ಧರ್ಮಪಾಠಶಾಲೆಗಳಿಗೆ ಬಿಟ್ಟನು.

ಇನ್ನು 2020. ಆ ವರ್ಷ ನ್ಯೂಯಾರ್ಕಿನ ಸಾಂಪ್ರದಾಯಿಕ ಯೆಹೂದ್ಯರಲ್ಲಿ ರೋಗದಿಂದ ಗುಣವಾದವರು ಬಹುಸಂಖ್ಯೆಯಲ್ಲಿ ರಕ್ತದ ದ್ರವಾಂಶವನ್ನು ದಾನ ಮಾಡಿದರು. ಆ ಚಿಕಿತ್ಸೆಯಿಂದ ನೆನೆಸಿದಷ್ಟು ಫಲವಿಲ್ಲವೆಂದು ತರುವಾಯದ ಪರೀಕ್ಷೆಗಳು ತೋರಿಸಿದವು. ದಾನಿಗಳ ಮನಸ್ಸು ಅದರಿಂದ ಸಣ್ಣದಾಗುವುದಿಲ್ಲ. ಇಸ್ರೇಲಿನಲ್ಲಿ ಕೆಲವು ಗುರುಗಳು, ಒಂಟಿಯಾಗಿ ಉಳಿದ ಮುದುಕರು ಪೆಸಹ ಹಬ್ಬದ ಊಟದಲ್ಲಿ ಯಂತ್ರದ ಪರದೆಯ ಮೂಲಕ ಮಕ್ಕಳನ್ನು ಕೂಡಬಹುದೆಂದರು; ಅಲ್ಲಿಯ ಮುಖ್ಯ ಧರ್ಮಪೀಠ ಅದನ್ನು ಒಪ್ಪಲಿಲ್ಲ. ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನ ಸರಕಾರ ರೋಗ ಹೆಚ್ಚಿದ ಬಡಾವಣೆಗಳಲ್ಲಿ ಪ್ರಾರ್ಥನೆಗೆ ಹತ್ತು, ಇಪ್ಪತ್ತೈದು ಜನರ ಮಿತಿ ಹಾಕಿದಾಗ, ಅಗುದಾತ್ ಇಸ್ರೇಲ್ ಎಂಬ ಸಂಪ್ರದಾಯಸ್ಥರ ಸಂಸ್ಥೆ ಕ್ಯಾಥೊಲಿಕರೊಡನೆ ನ್ಯಾಯಾಲಯಕ್ಕೆ ಹೋಯಿತು. ಅಂಗಡಿಗಳಿಗೆ ಇಲ್ಲದ ಬಿಗಿ ಮಂದಿರಕ್ಕೇಕೆ ಎಂಬುದು ಅವರ ವಾದ. ನವೆಂಬರ್ 25ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಮಿತಿಗಳನ್ನು ತಡೆಹಿಡಿಯಿತು. ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೂ 1831ರಲ್ಲಿ ಪೊಲೀಸರನ್ನು ತಾನೇ ಕರೆಸಿ ಬಾಗಿಲಲ್ಲಿ ನಿಲ್ಲಿಸಿಕೊಂಡವನ ನೆನಪು ಬರುತ್ತದೆ.

ಏಗರ್ 1837ರಲ್ಲಿ ಪೋಸೆನ್ನಿನಲ್ಲಿ ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಅವನ ಗೋರಿಯಿದ್ದ ರುದ್ರಭೂಮಿಯನ್ನು ಹಾಳುಗೆಡವಿದರು. ಅಲ್ಲಿಯ ಸಭೆಯವರು 1907ರಲ್ಲಿ ಕಟ್ಟಿಸಿದ್ದ ಭವ್ಯ ಮಂದಿರವನ್ನು ಈಜುಕೊಳವಾಗಿ ಮಾರ್ಪಡಿಸಿದರು. ಅದು 2011ರವರೆಗೂ ಈಜುಕೊಳವಾಗಿಯೇ ಬಳಕೆಯಲ್ಲಿತ್ತು. ರುದ್ರಭೂಮಿಯ ಬಹುಭಾಗದ ಮೇಲೆ ಇಂದು ವಸ್ತುಪ್ರದರ್ಶನದ ಮೈದಾನವಿದೆ. ಅದರ ಒಂದು ಅಂಚಿನಲ್ಲಿ, ವಸತಿಮನೆಗಳ ಹಿತ್ತಲಿನ ಅಂಗಳದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ಅವನ ಹೆಸರಿನ ಕಲ್ಲನ್ನು ಮತ್ತೆ ನಿಲ್ಲಿಸಿದ್ದಾರೆ.