ಮನೆಯ ನಾಯಿಗೆ ಉಣುಗಿನ ಕಾಟ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೂ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಸಂಕೋಚವಾಯಿತು. ನಾನು ವೈದ್ಯನಲ್ಲ, ಪಶುವೈದ್ಯನಂತೂ ಅಲ್ಲವೇ ಅಲ್ಲ. ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ತಿರುವಿಹಾಕುತ್ತ ಕಾಲ ಕಳೆದವನು. ಆದರೆ ಒಂದು ವಿಷಯವನ್ನು ಮಾತ್ರ ಪೆಟ್ಟು ತಿಂದು ಕಲಿತಿದ್ದೇನೆ. ನಾಯಿ ಸಾಕಿದ ಕುಟುಂಬಗಳು ನಮ್ಮ ಸಂಘದಲ್ಲಿ ಸಾಕಷ್ಟಿರುವುದರಿಂದ ಅದನ್ನು ಹೇಳಿಕೊಳ್ಳುವುದು ತಪ್ಪಾಗಲಾರದು.

ನಮ್ಮ ಮೋತಿ ಬೀದಿಯಿಂದ ಮನೆಗೆ ಬಂದ ನಾಡತಳಿಯ ನಾಯಿ. ಬೆಳಗ್ಗೆ ಅವನೊಡನೆ ವೇತಾಳ ಟೇಕಡಿ ಹತ್ತುವುದು ನನ್ನ ವ್ಯಾಯಾಮ. ಮಳೆಗಾಲದಲ್ಲಿ ಅವನ ಕಿವಿಯೊಳಗೂ ಬೆರಳುಗಳ ಸಂದಿಯಲ್ಲೂ ಹರಳುಬೀಜದಂತಹ ಬೂದುಬಣ್ಣದ ಗುಳ್ಳೆಗಳು ಕಾಣುತ್ತಿದ್ದವು. ಮಲೆನಾಡಿನ ನಾವು ಉಣುಗು ಎನ್ನುವ, ಬಯಲುಸೀಮೆಯವರು ಉಣ್ಣಿ ಎನ್ನುವ, ನೆರೆಮನೆಯ ಮರಾಠಿ ಆಜ್ಜಿ ಗೋಚೀಡ ಎನ್ನುವ ಪ್ರಾಣಿ ಅದು. ನಾನು ಬೆರಳಿನಿಂದ ಕಿತ್ತು, ಚಪ್ಪಲಿಯಡಿ ಹೊಸಕಿ, ಕೆಲಸ ಮುಗಿಯಿತೆಂದು ತಿಳಿಯುತ್ತಿದ್ದೆ.

ಒಂದು ಆಗಸ್ಟ್ ತಿಂಗಳಲ್ಲಿ ಮೋತಿ ಊಟ ಬಿಟ್ಟು ಮೂಲೆ ಸೇರಿದ. ಮೂರನೆಯ ದಿನ ಮೂಗಿನಿಂದ ರಕ್ತ ಸೋರಿತು. ಎಲ್ಲೋ ಮೂತಿ ತಗುಲಿಸಿಕೊಂಡಿದ್ದಾನೆಂದು ಮತ್ತೆರಡು ದಿನ ಕಳೆದೆ. ಆ ಎರಡು ದಿನಗಳ ವಿಚಾರವಾಗಿ ನನ್ನ ಹೆಂಡತಿ ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ಪಶುವೈದ್ಯರು ಬಿಳಿಚಿಕೊಂಡಿದ್ದ ಒಸಡನ್ನು ನೋಡಿ, ರಕ್ತಪರೀಕ್ಷೆ ಮಾಡಿಸಿ, ಉಣುಗಿನಿಂದ ಬಂದ ಎರ್ಲಿಕಿಯಾ ಜ್ವರವೆಂದರು. ಈ ಸೂಕ್ಷ್ಮಾಣು ಬಿಳಿರಕ್ತಕಣಗಳ ಒಳಹೊಕ್ಕು ಬೆಳೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳು ಇಳಿದುಹೋಗುತ್ತವೆ. ಬಬೇಸಿಯಾ ಎಂಬ ಇನ್ನೊಂದು ಪರಾವಲಂಬಿಯಾದರೋ ಕೆಂಪುರಕ್ತಕಣಗಳನ್ನೇ ಒಡೆಯುತ್ತದೆ. ಆಗ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಬಹುದು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದ ಮೇಲೆ ಮೋತಿ ಬದುಕಿಕೊಂಡ.

ಎರಡೇ ತಿಂಗಳಲ್ಲಿ ಉಣುಗು ಮತ್ತೆ ಬಂದಿತು! ತಪ್ಪು ಎಲ್ಲಿತ್ತೆಂದರೆ, ನಾವು ನಾಯಿಗೆ ಔಷಧ ಮಾಡಿದ್ದೆವು, ಮನೆಗೆ ಮಾಡಿರಲಿಲ್ಲ. ನಾಯಿಯ ಕಂದು ಉಣುಗು ತನ್ನ ಆಯುಷ್ಯದ ಬಹುಭಾಗವನ್ನು ನಾಯಿಯ ಮೈಮೇಲೆ ಕಳೆಯುವುದೇ ಇಲ್ಲ. ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣುಗು, ಬೆಳೆದ ಉಣುಗು, ಈ ಮೂರು ಅವಸ್ಥೆಗಳಲ್ಲಿ ಒಂದೊಂದು ಬಾರಿ ಮೈಗೆ ಹತ್ತಿ ರಕ್ತ ಹೀರಿ ಕೆಳಗುದುರುತ್ತದೆ. ಗೋಡೆ ಏರುವುದು ಅದರ ಸ್ವಭಾವ. ಬಾಗಿಲ ಚೌಕಟ್ಟಿನ ಬಿರುಕು, ಸೋಫಾದ ಹೊಲಿಗೆ, ಪಟಗಳ ಹಿಂಬದಿ ಅದರ ಬಿಡಾರ. ಹೊಟ್ಟೆ ತುಂಬಿದ ಒಂದು ಹೆಣ್ಣು 4000ದವರೆಗೆ ಮೊಟ್ಟೆಯಿಡಬಲ್ಲದು. ನೂರಕ್ಕೆ ಒಂದೇ ಉಳಿದರೂ 40. ಅರ್ಧ ಹೆಣ್ಣೆಂದರೆ 20. ಅದರ ಮುಂದಿನ ಪೀಳಿಗೆ 800. ಚಕ್ರಬಡ್ಡಿಯ ಲೆಕ್ಕ ದಿನವೂ ಮಾಡುವ ನನಗೆ ಇದು ಹೊಳೆಯದೇ ಹೋಯಿತಲ್ಲ!

ಆಮೇಲೆ ಮಾಡಿದ್ದಿಷ್ಟು. ನಾಯಿಯ ಹಾಸಿಗೆಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ನೆನೆಸಿ ಒಗೆಯುವುದು. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸುವುದು. ಕೀಟನಾಶಕ ಹೊಡೆಸಿ, ಒಣಗುವವರೆಗೆ ನಾಯಿಯನ್ನೂ ಮಕ್ಕಳನ್ನೂ ಹೊರಗಿಡುವುದು. ಮೋತಿಗೆ ವೈದ್ಯರು ತೂಕ ನೋಡಿ ಕೊಟ್ಟ ಮಾತ್ರೆಯನ್ನು ತಪ್ಪದೆ ಕೊಡುವುದು. ಕತ್ತಿನ ಮೇಲೆ ಸುರಿಯುವ ಔಷಧಗಳೂ ಪಟ್ಟಿಗಳೂ ಇವೆ. ಅಪಸ್ಮಾರದಂತಹ ಸೆಳೆತವಿರುವ ನಾಯಿಗೆ ಕೆಲವು ಮಾತ್ರೆಗಳು ಆಗಿಬರುವುದಿಲ್ಲವಾದ್ದರಿಂದ ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ದನಗಳಿಗೆಂದು ಮಾರುವ ಔಷಧವನ್ನು ಅಂದಾಜಿನ ಮೇಲೆ ಬೆರೆಸಿ ನಾಯಿಗೆ ಬಳಿಯುವುದು ಅಪಾಯ. ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಉಣುಗನ್ನು ಕೀಳುವಾಗ ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆಯೇ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿನಲ್ಲಿ ಹಾಕಬೇಕು. ಸೀಮೆಎಣ್ಣೆ ಸವರುವುದು, ಊದುಬತ್ತಿಯಿಂದ ಸುಡುವುದು, ನನ್ನಂತೆ ಹೊಸಕುವುದು ಯಾವುದೂ ಸಲ್ಲದು.

ಉಣುಗಿನ ವಿಷಯವೆಂದರೆ ನನ್ನಂತಹ ಸಾಗರದ ಕಡೆಯವನಿಗೆ ಬೇರೊಂದು ನೆನಪೂ ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಅದರ ಮೂಲವನ್ನು ಶೋಧಿಸಿದವರು ನಾವು ಈಗ ವಾಸಿಸುವ ಇದೇ ಪುಣೆಯ ವಿಜ್ಞಾನಿಗಳು. 1952ರಲ್ಲಿ ಆರಂಭವಾಗಿದ್ದ ಇಲ್ಲಿನ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿಜ್ವರವೇ ಇಂಡಿಯಾಕ್ಕೆ ಬಂದಿತೋ ಎಂದು ಶಂಕಿಸಿದರು. ಕೊನೆಗೆ ಹೊಸದೊಂದು ವೈರಸ್ಸನ್ನು ಬೇರ್ಪಡಿಸಿ, ಅದನ್ನು ಹರಡುವುದು ಕಾಡಿನ ಉಣುಗೆಂದು ತೋರಿಸಿಕೊಟ್ಟರು. 1978ರಿಂದ ಆ ಸಂಸ್ಥೆಯ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ಅಂಬೇಡ್ಕರ್ ರಸ್ತೆಯಲ್ಲಿ ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಊರಿನ ದಾರಿಯೇ ಎದುರಾದಂತಾಗುತ್ತದೆ.

ಮಂಗನ ಕಾಯಿಲೆಯ ಉಣುಗು ಬೇರೆ, ಮನೆಯ ಗೋಡೆಯಲ್ಲಿ ಅಡಗುವ ನಾಯಿಯ ಉಣುಗು ಬೇರೆ; ಪುಣೆಯಲ್ಲಿ ನಾಯಿ ಸಾಕಿದವರು ಇದನ್ನೋದಿ ಗಾಬರಿಪಡಬೇಕಿಲ್ಲ. ಆದರೆ ರಜೆಯಲ್ಲಿ ನಾಯಿಯನ್ನು ಮಲೆನಾಡಿಗೆ ಕರೆದೊಯ್ಯುವವರು ಯೋಚಿಸಬೇಕು. ಕಾಡು ಹೊಕ್ಕ ದನ, ನಾಯಿಗಳು ಅಲ್ಲಿನ ಉಣುಗನ್ನು ಅಂಟಿಸಿಕೊಂಡು ಅಂಗಳಕ್ಕೆ ತರಬಲ್ಲವು. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿಯ ಕಾಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಮೈತುಂಬ ಬಟ್ಟೆ, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಡೆಪಾ ಎಣ್ಣೆ, ಬಂದೊಡನೆ ಬಿಸಿನೀರಿನ ಸ್ನಾನ, ಇವುಗಳನ್ನು ಬಿಡುವಂತಿಲ್ಲ. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುದ್ದಿ ಬಂದಾಗ ನಾವು ಬೇಸಗೆಯ ಪ್ರಯಾಣವನ್ನೇ ಕೈಬಿಟ್ಟೆವು. ಈಗ ನಾವು ಊರಿಗೆ ಹೋಗುವುದು ದೀಪಾವಳಿಗೆ. ಮೋತಿಯೂ ಬರುತ್ತಾನೆ, ಕಾನಿನ ಕಡೆ ಮಾತ್ರ ಬಿಡುವುದಿಲ್ಲ. ನಾವು ಕಾರಿನಿಂದ ಇಳಿಯುತ್ತಿದ್ದಂತೆಯೇ ದೊಡ್ಡಪ್ಪ ಜಗುಲಿಯಿಂದ ಕೇಳುವ ಮೊದಲ ಮಾತು, “ಅವನ ಕಿವಿ ನೋಡಿದೆಯೇನೋ?”