ನಡುವಣ ಹೊಸ್ತಿಲು: ಮನೆಯಲ್ಲಿಯೇ ಕಲಿತ ಮಕ್ಕಳು ಮತ್ತು ಪಾಲಕರ ಹೊಣೆ

ಮಗುವಿನ ವಿದ್ಯಾಭ್ಯಾಸದಲ್ಲಿ ಮೂರು ಹೊಸ್ತಿಲುಗಳುಂಟು. ಅಕ್ಷರಾಭ್ಯಾಸ ಮಾಡಿಸಿ ಶಾಲೆಗೆ ಕಳಿಸುವ ದಿನ ಮೊದಲನೆಯದು. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ದಾಟಿ ಮುಂದಿನ ದಾರಿಯನ್ನು ಆರಿಸಿಕೊಳ್ಳುವ ದಿನ ಕೊನೆಯದು. ಮೊದಲನೆಯದಕ್ಕೆ ಮನೆಮಂದಿಯೆಲ್ಲ ಸಂಭ್ರಮಿಸುತ್ತಾರೆ. ಕೊನೆಯದಕ್ಕೆ ಮನೆಮಂದಿಯೆಲ್ಲ ಆತಂಕಪಡುತ್ತಾರೆ. ಇವೆರಡರ ನಡುವೆ, ಐದನೆಯ ತರಗತಿಯನ್ನು ಮುಗಿಸಿ ಆರನೆಯದಕ್ಕೆ ಕಾಲಿಡುವ ಹೊಸ್ತಿಲೊಂದಿದೆ. ಅದಕ್ಕೆ ಸಂಭ್ರಮವೂ ಇಲ್ಲ, ಆತಂಕವೂ ಇಲ್ಲ. ಮಗು ಅದನ್ನು ದಾಟಿತೋ ಎಡವಿತೋ ಎಂಬುದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಈ ಹೊಸ್ತಿಲು ಶಾಲೆಯನ್ನು ಬಿಟ್ಟು ನೇರವಾಗಿ ನಮ್ಮ ಮನೆಗಳ ಒಳಗೇ ಬಂದಿತು. ಆಗ ಏನಾಯಿತು, ಅದರಿಂದ ಪಾಲಕರು ಇಂದು ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆರನೆಯ ತರಗತಿಯಲ್ಲಿ ಬದಲಾಗುವುದೇನು?

ಐದನೆಯ ತರಗತಿಯವರೆಗೆ ನಮ್ಮ ರಾಜ್ಯದ ಶಾಲೆಗಳಲ್ಲಿ ಮಗುವಿನ ಮುಂದೆ ಇರುವುದು ಭಾಷೆ, ಗಣಿತ ಮತ್ತು ಪರಿಸರ ಅಧ್ಯಯನ. ಆರನೆಯ ತರಗತಿಯಲ್ಲಿ ಆ ಪರಿಸರ ಅಧ್ಯಯನವೇ ಒಡೆದು ವಿಜ್ಞಾನವೆಂದೂ ಸಮಾಜ ವಿಜ್ಞಾನವೆಂದೂ ಎರಡಾಗುತ್ತದೆ. ಮೂರನೆಯ ಭಾಷೆಯೊಂದು ಹೊಸದಾಗಿ ಸೇರುತ್ತದೆ. ಗಣಿತದಲ್ಲಿ ಕಣ್ಣಿಗೆ ಕಾಣುವ ಎಣಿಕೆಯ ಆಚೆಗೆ ಹೋಗಿ, ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಗಳು, ಅಂಕಿಯ ಬದಲು ಅಕ್ಷರವನ್ನು ಬಳಸುವ ಬೀಜಗಣಿತ ಇವುಗಳ ಪರಿಚಯವಾಗುತ್ತದೆ. ಎಲ್ಲವನ್ನೂ ಕಲಿಸುತ್ತಿದ್ದ ಒಬ್ಬ ಗುರುವಿನ ಬದಲು ವಿಷಯಕ್ಕೊಬ್ಬರಂತೆ ಹಲವರು ಗುರುಗಳು ಬರುತ್ತಾರೆ. ಯಾವ ದಿನ ಯಾವ ಪುಸ್ತಕ, ಯಾವ ಗುರುಗಳು ಏನು ಬರೆಯಹೇಳಿದರು ಎಂಬುದನ್ನು ಮಗು ತಾನೇ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಇದೇ ಸಮಯದಲ್ಲಿ ಮಗುವಿನ ದೇಹ ಮನಸ್ಸುಗಳೂ ಬದಲಾಗತೊಡಗುತ್ತವೆ. ಹನ್ನೊಂದರಿಂದ ಹದಿಮೂರರ ವಯಸ್ಸು ತನಗೆ ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಲು ನಾಚುವ ವಯಸ್ಸು. ಎಂಟು ವರ್ಷದ ಮಗು ಲೆಕ್ಕ ಬಾರದಿದ್ದರೆ ಅಳುತ್ತ ತಾಯಿಯ ಬಳಿ ಬರುತ್ತದೆ. ಹನ್ನೆರಡರ ಮಗು ಪುಸ್ತಕವನ್ನು ಮುಚ್ಚಿ ಸುಮ್ಮನಾಗುತ್ತದೆ. ಈ ಸುಮ್ಮನಿರುವಿಕೆಯನ್ನು ಪಾಲಕರು ಜಾಣತನವೆಂದು ಭಾವಿಸುವ ಸಂಭವ ಹೆಚ್ಚು.

ಶಾಲೆ ಮುಚ್ಚಿದ ವರ್ಷ

2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಆ ವರ್ಷ ಆರನೆಯ ತರಗತಿಗೆ ಬಂದ ಮಕ್ಕಳು ಹೊಸ ಪುಸ್ತಕಗಳನ್ನೂ ಹೊಸ ಗುರುಗಳನ್ನೂ ತರಗತಿಯ ಕೋಣೆಯಲ್ಲಿ ಕಾಣಲಿಲ್ಲ. ಅನುಕೂಲವಿದ್ದವರಿಗೆ ಮೊಬೈಲಿನ ಪುಟ್ಟ ಪರದೆಯೇ ತರಗತಿಯಾಯಿತು. ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಬೇಕೇ ಬೇಡವೇ ಎಂಬ ವಿವಾದ ಎದ್ದು, ರಾಜ್ಯ ಸರ್ಕಾರ ವಿಧಿಸಿದ್ದ ನಿಷೇಧಕ್ಕೆ ಉಚ್ಚ ನ್ಯಾಯಾಲಯವು 2020ರ ಜುಲೈನಲ್ಲಿ ತಡೆಯಾಜ್ಞೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞಾತಾ’ ಎಂಬ ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತ ಹೆಚ್ಚು ಆನ್‌ಲೈನ್ ಪಾಠ ಸಲ್ಲದೆಂದು ಸೂಚಿಸಿತು. ಅಂದರೆ ಹೆಚ್ಚೆಂದರೆ ಒಂದೂವರೆ ಗಂಟೆ. ದಿನದ ಉಳಿದ ಶಾಲಾ ಸಮಯವೆಲ್ಲ ಮನೆಯ ಕೈಗೆ ಬಂದಿತೆಂಬುದನ್ನು ಆಗ ಎಷ್ಟು ಜನ ಪಾಲಕರು ಲೆಕ್ಕ ಹಾಕಿದರು?

ಮೊಬೈಲ್ ಇಲ್ಲದ ಮನೆಗಳ ಮಕ್ಕಳಿಗಾಗಿ ನಮ್ಮ ಶಿಕ್ಷಣ ಇಲಾಖೆಯು 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಶಿಕ್ಷಕರೇ ಓಣಿ ಓಣಿಗೆ ಹೋಗಿ, ಗುಡಿಯ ಪೌಳಿಯಲ್ಲಿಯೋ ಮರದ ನೆರಳಿನಲ್ಲಿಯೋ ಮಕ್ಕಳ ಸಣ್ಣ ಗುಂಪುಗಳನ್ನು ಕೂಡಿಸಿಕೊಂಡು ಕಲಿಸಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. 2021ರ ಜನವರಿ 1ರಿಂದ ಆರರಿಂದ ಒಂಬತ್ತನೆಯ ತರಗತಿಯವರಿಗೆ ಶಾಲೆಯ ಆವರಣದಲ್ಲಿ ಮತ್ತೆ ನಡೆಯಿತು. ಫೆಬ್ರವರಿ 22ರಿಂದ ರಾಜ್ಯದ ಬಹುಭಾಗದಲ್ಲಿ ಆರರಿಂದ ಎಂಟರವರೆಗೆ ಪೂರ್ಣ ತರಗತಿಗಳು ತೆರೆದವು. ಆದರೆ ಆರು ವಾರ ತುಂಬುವಷ್ಟರಲ್ಲಿ, ಏಪ್ರಿಲ್ ಆರಂಭದಲ್ಲಿ, ಎರಡನೆಯ ಅಲೆಯಿಂದಾಗಿ ಮತ್ತೆ ಮುಚ್ಚಿದವು. ಆ ಮಕ್ಕಳು ವಾರ್ಷಿಕ ಪರೀಕ್ಷೆಯಿಲ್ಲದೆಯೇ ಏಳನೆಯ ತರಗತಿಗೆ ಏರಿದರು. ಅವರ ಶಾಲೆಗಳು ಪುನಃ ತೆರೆದದ್ದು 2021ರ ಸೆಪ್ಟೆಂಬರ್ 6ರಂದು.

ಉಪಕರಣದ ಕೊರತೆಯೂ ಇತ್ತು. ಪ್ರಥಮ್ ಸಂಸ್ಥೆಯ ‘ಅಸರ್’ ವರದಿಯಂತೆ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ 2018ರಲ್ಲಿ ಶೇ. 36.5 ಇದ್ದುದು 2020ರಲ್ಲಿ ಶೇ. 61.8ಕ್ಕೆ ಏರಿತು. ಆದರೆ ಮನೆಯಲ್ಲಿ ಫೋನ್ ಇರುವುದು ಬೇರೆ, ಪಾಠದ ವೇಳೆಗೆ ಅದು ಮಗುವಿನ ಕೈಯಲ್ಲಿರುವುದು ಬೇರೆ. ತಂದೆ ಹೊಲಕ್ಕೋ ಅಂಗಡಿಗೋ ಹೊರಟರೆ ಫೋನೂ ಅವರೊಡನೆ ಹೊರಡುತ್ತದೆ. ಇರುವ ಒಂದೇ ಫೋನಿಗೆ ಅಣ್ಣನ ಹತ್ತನೆಯ ತರಗತಿ ಮತ್ತು ತಂಗಿಯ ಆರನೆಯ ತರಗತಿ ಏಕಕಾಲಕ್ಕೆ ಎದುರಾದರೆ ಬಿಟ್ಟುಕೊಡಬೇಕಾದವಳು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದುಹೋದದ್ದು ಏನು?

ಪಾಠದ ವಿಷಯವು ಪುಸ್ತಕದಲ್ಲಿತ್ತು, ಫೋನಿನಲ್ಲಿತ್ತು, ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠಗಳು ಬಂದವು. ಹಾಗಾದರೆ ಮಕ್ಕಳಿಗೆ ತಪ್ಪಿಹೋದದ್ದೇನು? ಮೊದಲನೆಯದು ದಿನಕ್ಕೊಂದು ಕಟ್ಟುಪಾಡು: ಗಂಟೆ ಬಾರಿಸುವುದು, ಸಾಲಾಗಿ ನಿಲ್ಲುವುದು, ಹೇಳಿದ ಹೊತ್ತಿಗೆ ಹೇಳಿದ ಪುಸ್ತಕವನ್ನು ತೆರೆಯುವುದು. ಎರಡನೆಯದು ಗುರುವಿನ ಕಣ್ಣು. ತರಗತಿಯಲ್ಲಿ ನಿಂತ ಶಿಕ್ಷಕರಿಗೆ ಯಾವ ಮಗುವಿನ ಹುಬ್ಬು ಗಂಟಿಕ್ಕಿತೆಂಬುದು ತಿಳಿಯುತ್ತದೆ. ಆ ಮಗು ಕೇಳದಿದ್ದರೂ ಅವರು ಮತ್ತೊಮ್ಮೆ ಹೇಳುತ್ತಾರೆ. ಪರದೆಯ ಆಚೆ ಇರುವವರಿಗೆ ಇದು ಅಸಾಧ್ಯ. ಮೂರನೆಯದು ಸಹಪಾಠಿಯ ಸಂಗ. ಗುರುವನ್ನು ಕೇಳಲು ಅಂಜುವ ಮಗು ಪಕ್ಕದಲ್ಲಿ ಕುಳಿತವನನ್ನು ಮೆಲ್ಲಗೆ ಕೇಳಿ ತಿಳಿದುಕೊಳ್ಳುತ್ತದೆ.

ಈ ಮೂರೂ ಇಲ್ಲದೆ ಕಲಿತ ಕಲಿಕೆಯಲ್ಲಿ ಬಿರುಕುಗಳು ಉಳಿಯುವುದು ಸಹಜ. ಆದರೆ ಆ ಬಿರುಕು ಆಗಲೇ ಕಾಣುವುದಿಲ್ಲ. ಆರನೆಯ ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗದಿದ್ದರೆ ಏಳರಲ್ಲಿ ಅನುಪಾತ ಮತ್ತು ಶೇಕಡಾ ಲೆಕ್ಕ ಕುಂಟುತ್ತದೆ. ಎಂಟರಲ್ಲಿ ಸಮೀಕರಣ ನಿಲ್ಲುವುದಿಲ್ಲ. ಒಂಬತ್ತು ಹತ್ತರಲ್ಲಿ ಭೌತವಿಜ್ಞಾನದ ಸೂತ್ರಗಳೂ ಕೈಕೊಡುತ್ತವೆ. ಆಗ ನಾವು ‘ಇವನಿಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಮೇಲಿನ ಅಂತಸ್ತಿನ ಗೋಡೆ ಸೀಳಿದ್ದಕ್ಕೆ ಮೇಲಿನ ಇಟ್ಟಿಗೆಯನ್ನು ದೂರಿದರೆ ಫಲವೇನು?

2020ರಲ್ಲಿ ಆರನೆಯ ತರಗತಿಗೆ ಬಂದ ಮಕ್ಕಳು ಕ್ರಮವಾಗಿ ಮುಂದುವರಿದು 2025ರ ಮಾರ್ಚ್‌ನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತರು. ಅವರ ಮಟ್ಟಿಗೆ ಆ ಅಧ್ಯಾಯ ಮುಗಿಯಿತೆನ್ನೋಣ. ಆದರೆ ಪಾಲಕರು ಇನ್ನೊಂದು ಲೆಕ್ಕವನ್ನು ಮರೆಯಬಾರದು. ಅದೇ 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿಸಿಕೊಂಡು, ಅ ಆ ಇ ಈ ತಿದ್ದಬೇಕಾದ ವಯಸ್ಸಿನಲ್ಲಿ ಗುರುವಿನ ಮುಖವನ್ನೇ ಕಾಣದ ಮಗು 2025ರಲ್ಲಿ ಆರನೆಯ ತರಗತಿಗೆ ಬಂದಿತು. ತಳಪಾಯ ಹಾಕುವ ವರ್ಷವನ್ನು ಮನೆಯಲ್ಲಿ ಕಳೆದ ಪೀಳಿಗೆ ನಡುವಣ ಹೊಸ್ತಿಲಿಗೆ ಬಂದು ನಿಂತಿದೆ. ಆದುದರಿಂದ ಇದು ಕಳೆದುಹೋದ ಕಾಲದ ಕಥೆಯಲ್ಲ.

ಪಾಲಕರು ಮಾಡಬಹುದಾದುದೇನು?

‘ನಾವು ಓದಿದವರಲ್ಲ, ಮಕ್ಕಳಿಗೆ ಏನು ಹೇಳಿಕೊಡಬಲ್ಲೆವು?’ ಎಂಬುದು ಅನೇಕ ತಾಯಂದಿರ ಪ್ರಶ್ನೆ. ಇದಕ್ಕೆ ಉತ್ತರ ಸರಳವಾಗಿದೆ: ಪಾಲಕರು ಶಿಕ್ಷಕರಾಗಬೇಕಾಗಿಲ್ಲ. ಕಲಿಸುವುದು ಗುರುವಿನ ಕಾಯಕ. ಕಲಿಯುವುದಕ್ಕೆ ಹೊತ್ತು, ಎಡೆ ಮತ್ತು ಕಿವಿ ಒದಗಿಸುವುದು ಮನೆಯ ಕಾಯಕ.

ಹೊತ್ತು ಎಂದರೆ ದಿನವೂ ಬದಲಾಗದ ಒಂದು ವೇಳೆ. ಸಂಜೆ ದೀಪ ಹಚ್ಚಿದ ಬಳಿಕ ಒಂದು ಗಂಟೆಯೆಂದು ಗೊತ್ತುಪಡಿಸಿದರೆ ಆ ಗಂಟೆಯಲ್ಲಿ ಮನೆಯ ದೂರದರ್ಶನವೂ ಹಿರಿಯರ ಫೋನೂ ಮೌನವಾಗಿರಬೇಕು. ತಾವು ಧಾರಾವಾಹಿ ನೋಡುತ್ತ ಮಗುವಿಗೆ ಓದೆಂದು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ಎಡೆ ಎಂದರೆ ಪ್ರತ್ಯೇಕ ಕೋಣೆಯಲ್ಲ. ಪಡಸಾಲೆಯ ಮೂಲೆಯಲ್ಲಿ ಒಂದು ಚಾಪೆ, ಪುಸ್ತಕವಿಡಲು ಒಂದು ಮಣೆ, ಸರಿಯಾದ ಬೆಳಕು ಇಷ್ಟಿದ್ದರೆ ಸಾಕು. ಫೋನಿನಲ್ಲಿ ಪಾಠವಿದ್ದಾಗ ಮಗು ಹಿರಿಯರ ಕಣ್ಣಳತೆಯಲ್ಲಿ ಕುಳಿತಿರಲಿ. ಪಾಠ ಮುಗಿದೊಡನೆ ಫೋನ್ ಹಿರಿಯರ ಕೈಗೆ ಮರಳಲಿ.

ಕಿವಿ ಎಂಬುದು ಎಲ್ಲಕ್ಕಿಂತ ಮಿಗಿಲಾದುದು. ‘ಓದಿದೆಯಾ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಬರುತ್ತದೆ. ಅದರ ಬದಲು ‘ಇಂದು ಕಲಿತದ್ದನ್ನು ನನಗೆ ತಿಳಿಯುವಂತೆ ಹೇಳು, ಮಗು’ ಎಂದು ಕೇಳಬೇಕು. ಅಕ್ಷರ ಬಾರದ ಅಜ್ಜಿಯೂ ಇದನ್ನು ಕೇಳಬಲ್ಲಳು. ತಿಳಿದದ್ದನ್ನು ಮಗು ನಿರರ್ಗಳವಾಗಿ ಹೇಳುತ್ತದೆ. ತಿಳಿಯದ ಕಡೆ ತಡವರಿಸುತ್ತದೆ. ಆ ತಡವರಿಕೆಯೇ ಬಿರುಕಿನ ಗುರುತು. ಅಲ್ಲಿ ಗದರಬಾರದು, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬಾರದು. ಒಂದು ಚೀಟಿಯಲ್ಲಿ ಗುರುತು ಹಾಕಿಸಿ, ಮಾರನೆಯ ದಿನ ಗುರುಗಳನ್ನು ಕೇಳಲು ಹೇಳಿ ಕಳಿಸಬೇಕು.

ಇನ್ನು ಗಣಿತದ ವಿಷಯ. ರೈತನ ಮನೆಯಲ್ಲಿ ಭಿನ್ನರಾಶಿಯ ಪಾಠಕ್ಕೆ ಕೊರತೆಯಿಲ್ಲ. ಒಂದು ಎಕರೆಗೆ 40 ಗುಂಟೆ. ಹತ್ತು ಗುಂಟೆ ಎಂದರೆ ಎಕರೆಯ ಕಾಲು ಭಾಗ. ಹದಿನೈದು ಗುಂಟೆ ಎಂದರೆ ಎಕರೆಯನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ತಂದೆ ಇದನ್ನು ಹೊಲದ ಬದುವಿನ ಮೇಲೆ ನಿಂತು ತೋರಿಸಬಲ್ಲನು. ಸೊನ್ನೆಗಿಂತ ಕಡಿಮೆಯಾದ ಸಂಖ್ಯೆ ಎಂದರೇನು? ಕೈಯಲ್ಲಿ 50 ರೂಪಾಯಿ ಇದೆ, ಕಿರಾಣಿ ಅಂಗಡಿಯಲ್ಲಿ 80 ರೂಪಾಯಿ ಉದ್ರಿ ಇದೆ. ಇದ್ದದ್ದನ್ನೆಲ್ಲ ಕೊಟ್ಟರೂ 30 ರೂಪಾಯಿ ಸಾಲ ಉಳಿಯುತ್ತದೆ. ಆ ಸಾಲವೇ ಋಣ ಸಂಖ್ಯೆ; ಹೆಸರಿನಲ್ಲಿಯೇ ಅದರ ಅರ್ಥವಿದೆ. ಹೀಗೆ ಕಲಿತದ್ದು ಮರೆತುಹೋಗುವುದಿಲ್ಲ.

ಮಾಡಬಾರದ ಕೆಲಸವೊಂದಿದೆ. ಮಗುವಿನ ಮನೆಗೆಲಸವನ್ನು ತಾವೇ ಬರೆದು, ಅದರ ಚಿತ್ರ ತೆಗೆದು ಶಿಕ್ಷಕರಿಗೆ ಕಳಿಸುವ ಪಾಲಕರು ಆ ದಿನಗಳಲ್ಲಿ ಕಡಿಮೆಯಿರಲಿಲ್ಲ. ಅಂದವಾದ ಆ ಬರಹವು ಮಗುವಿನ ಕೊರತೆಯನ್ನು ಶಿಕ್ಷಕರಿಂದ ಮರೆಮಾಚುತ್ತದೆ. ತಪ್ಪಿರುವ ಮಗುವಿನ ಬರಹವೇ ಶಿಕ್ಷಕರಿಗೆ ಬೇಕಾದ ಬರಹ. ರೋಗವನ್ನು ಮುಚ್ಚಿಟ್ಟರೆ ವೈದ್ಯನು ಔಷಧವನ್ನು ಹೇಗೆ ಕೊಟ್ಟಾನು?

ಹೆಣ್ಣುಮಗುವಿನ ಮಾತು

ಶಾಲೆ ಮನೆಗೆ ಬಂದಾಗ ಗಂಡುಮಗು ವಿದ್ಯಾರ್ಥಿಯಾಗಿಯೇ ಉಳಿಯುತ್ತಾನೆ. ಹೆಣ್ಣುಮಗು ಅರ್ಧ ದಿನ ಗೃಹಿಣಿಯಾಗುತ್ತಾಳೆ. ‘ಮನೆಯಲ್ಲಿಯೇ ಇದ್ದಾಳಲ್ಲ’ ಎಂಬ ಒಂದು ಮಾತು ಅವಳ ಕೈಗೆ ಪೊರಕೆಯನ್ನೂ ಕಂಕುಳಿಗೆ ತಮ್ಮನನ್ನೂ ಕೊಡುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಓದಿನ ಎಳೆ ತುಂಡಾದರೆ ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಕಷ್ಟ. ‘ಓದು ಹೇಗೂ ಬಿಟ್ಟಿದ್ದಾಳೆ’ ಎಂಬುದೇ ಬೇಗ ಮದುವೆ ಮಾಡಲು ನೆಪವಾಗುತ್ತದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣವು ಹಕ್ಕೆಂದು ವಿಧಿಸಿದ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದ ಹೆಣ್ಣಿನ ಮದುವೆ ಕಾನೂನಿಗೆ ವಿರುದ್ಧ. ಆದರೆ ಮನೆಯೊಳಗೆ ಓದುವ ಆ ಒಂದು ಗಂಟೆಯನ್ನು ಕಾಯುವುದು ಕಾನೂನಿನಿಂದಾಗದು. ಅದು ತಾಯಿ ತಂದೆಯರಿಂದಲೇ ಆಗಬೇಕು. ಪಾತ್ರೆ ತೊಳೆಯುವ ಸರದಿ ಮಗನಿಗೂ ಬರಲಿ. ಫೋನಿನ ಸರದಿ ಮಗಳಿಗೂ ಬರಲಿ.

ಶಾಲೆಯೊಡನೆ ಕೈಜೋಡಿಸುವುದು

ಕಲಿಕೆಯ ನಷ್ಟವನ್ನು ತುಂಬಲು ರಾಜ್ಯದ ಶಿಕ್ಷಣ ಇಲಾಖೆಯು 2022–23ನೆಯ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ನಡೆಸಿತು. ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದದ್ದನ್ನು ಕಲಿಸಿ ಮುಂದಿನದಕ್ಕೆ ಒಯ್ಯುವುದು ಅದರ ಆಶಯವಾಗಿತ್ತು. ಆದರೆ ಎಲ್ಲ ಬಿರುಕುಗಳೂ ಒಂದು ವರ್ಷದಲ್ಲಿ ಮುಚ್ಚುವುದಿಲ್ಲ. ಪಾಲಕರು ಮಗುವಿನ ಅಂಕಪಟ್ಟಿಗೆ ಸಹಿ ಹಾಕಲು ಮಾತ್ರ ಶಾಲೆಗೆ ಹೋಗದೆ, ವರ್ಷದ ಮೊದಲ ತಿಂಗಳಲ್ಲಿಯೇ ಹೋಗಿ, ‘ನನ್ನ ಮಗು ಕನ್ನಡವನ್ನು ತಡೆಯಿಲ್ಲದೆ ಓದುತ್ತದೆಯೇ? ಭಾಗಾಕಾರ ಬರುತ್ತದೆಯೇ?’ ಎಂಬ ಎರಡೇ ಪ್ರಶ್ನೆಗಳನ್ನು ಕೇಳಲಿ. ಉತ್ತರ ಇಲ್ಲವೆಂದಾದರೆ ಅದು ಅವಮಾನವಲ್ಲ, ಕೆಲಸದ ಆರಂಭ. ಸರ್ಕಾರಿ ಶಾಲೆಗಳಲ್ಲಿ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಕಟ್ಟಡ, ಬಣ್ಣ, ಕಾಂಪೌಂಡುಗಳ ಚರ್ಚೆಯ ಜೊತೆಗೆ ಈ ಮಾತೂ ಅಲ್ಲಿ ಬರಲಿ. ಓಣಿಯಲ್ಲಿ ಓದಿದ ಯುವಕ ಯುವತಿಯರಿದ್ದರೆ, ವಾರಕ್ಕೆರಡು ಸಂಜೆ ಐದಾರು ಮಕ್ಕಳನ್ನು ಕೂಡಿಸಿಕೊಂಡು ಓದಿಸುವಂತೆ ಹಿರಿಯರು ಅವರನ್ನು ಕೇಳಿಕೊಳ್ಳಲಿ. ವಿದ್ಯಾಗಮದ ದಿನಗಳಲ್ಲಿ ಗುಡಿಯ ಪೌಳಿ ತರಗತಿಯಾಗಲು ಸಾಧ್ಯವಾಗಿದ್ದರೆ ಇಂದು ಏಕೆ ಆಗಬಾರದು?

ಮಳೆಗಾಲದಲ್ಲಿ ಜಿಲ್ಲಾಡಳಿತ ರಜೆ ಸಾರಿದಾಗ, ಕಾಯಿಲೆಯಿಂದ ಮಗು ವಾರಗಟ್ಟಲೆ ಮಲಗಿದಾಗ, ದೊಡ್ಡ ರಜೆಗಳಲ್ಲಿ ಶಾಲೆ ಮನೆಗೆ ಬರುತ್ತಲೇ ಇರುತ್ತದೆ. ಬಂದ ಶಾಲೆಯನ್ನು ಬರಮಾಡಿಕೊಳ್ಳಲು ಮನೆ ಸಿದ್ಧವಿರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಮಕ್ಕಳನ್ನು ಕುರಿತು ಹೇಳುತ್ತೇವೆ. ಬಗ್ಗಬೇಕಾದದ್ದು ಗಿಡವಾದರೂ ಅದರ ಪಕ್ಕದಲ್ಲಿ ದಿನವೂ ನಿಂತು ಆಧಾರ ಕೊಡುವ ಕೈ ಬೇಕು. ಆರು, ಏಳು, ಎಂಟನೆಯ ತರಗತಿಯ ಮಕ್ಕಳಿರುವ ಪ್ರತಿ ಮನೆಯಲ್ಲಿ ಇಂದು ಸಂಜೆಯೇ ಯಾರಾದರೊಬ್ಬ ಹಿರಿಯರು ಮಗುವಿನ ಪಕ್ಕದಲ್ಲಿ ಕುಳಿತು, ಒಂದು ಪುಟವನ್ನು ಗಟ್ಟಿಯಾಗಿ ಓದಲು ಹೇಳಿ, ಕೊನೆಯವರೆಗೆ ಸಮಾಧಾನದಿಂದ ಕೇಳಲಿ.